ಲೂಟಿಯೋ ಹೋಯ್ತು, ಮೈಲುತುತ್ತ ಯಾಕೆ ಹೋಗಬೇಕು?

ಕೋಬಾಲ್ಟ್ ಮತ್ತು ಅಮೋನಿಯಾ ಕೂಡಿದ ಲವಣಗಳಿಗೆ ಒಂದು ಕಾಲದಲ್ಲಿ ಬಣ್ಣ ನೋಡಿ ಹೆಸರಿಡ್ತಿದ್ದರು. ಹಳದಿ ಇದ್ದರೆ ಲೂಟಿಯೋ, ಹಸಿರಿದ್ದರೆ ಪ್ರಾಸಿಯೋ. 1852ರಲ್ಲಿ ಫ್ರಾನ್ಸಿನ ಫ್ರೆಮಿ ಹಾಕಿಕೊಟ್ಟ ದಾರಿ ಅದು. ಆಮೇಲೆ ಆರು ಅಮೋನಿಯಾ ಇರುವ ರೋಡಿಯಂ ಲವಣಕ್ಕೂ ಲೂಟಿಯೋ ಅಂದರು. ಅದರ ಬಣ್ಣ ಮಾತ್ರ ಬಿಳಿ! 1893ರಲ್ಲಿ ವರ್ನರ್ ಲೋಹದ ಸುತ್ತ ಯಾವುದು ಎಷ್ಟು ಕೂತಿದೆ ಅಂತ ತೋರಿಸಿದ ಮೇಲೆ ಆ ಹೆಸರುಗಳಿಗೆ ಕೆಲಸ ಉಳಿಯಲಿಲ್ಲ. ‘ಹೆಕ್ಸಾಅಮ್ಮೀನ್ ಕೋಬಾಲ್ಟ್’ ಅಂದರೆ ಲೆಕ್ಕ ಹೆಸರಲ್ಲೇ ಇದೆ. (ಅಮ್ಮೀನ್, ಅಮೀನ್ ಬೇರೆ ಬೇರೆ. ಇಂಗ್ಲಿಷಿನಲ್ಲಿ ಒಂದು ಎಮ್ ಬಿಟ್ಟು ಮಾರ್ಕ್ಸ್ ಕಳಕೊಳ್ಳುವವರು ಕನ್ನಡದ ಒತ್ತಕ್ಷರ ನೆನೆಸಿಕೊಳ್ಳಿ.) ಲೂಟಿಯೋ ಹೋಗಿದ್ದಕ್ಕೆ ನಮಗೇನೂ ಬೇಸರವಿಲ್ಲ.

ಬೇಸರ ಇರೋದು ಬೇರೆ ಹೆಸರುಗಳ ಬಗ್ಗೆ. ರಾಯಚೂರಿನಲ್ಲಿ ತಾಮ್ರದ ಹಂಡೆಗೆ ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉಜ್ಜಿ ತವರ ಬಳೀತಾರೆ. ಅದು ಅಮೋನಿಯಂ ಕ್ಲೋರೈಡ್. ಲೋಹದ ಮೇಲಿನ ಆಕ್ಸೈಡ್ ತೆಗೆಯುತ್ತೆ, ತವರ ಹಿಡಿಯುತ್ತೆ. ದೇವದುರ್ಗ, ಮಾನ್ವಿ ಕಡೆಯ ರೈತರ ಮನೆಯಿಂದ ಬಂದವರಿಗೆ ಮೈಲುತುತ್ತ ಗೊತ್ತು, ಕಾಪರ್ ಸಲ್ಫೇಟ್ ಅಂದರೆ ಹೊಸದು. ಅದೇ ನೀಲಿ ನೀರಿಗೆ ಲ್ಯಾಬಿನಲ್ಲಿ ಅಮೋನಿಯಾ ಹನಿಸಿ ನೋಡಿ: ಮೊದಲು ತಿಳಿನೀಲಿ ಗಷ್ಟು, ಇನ್ನಷ್ಟು ಹಾಕಿದರೆ ಅದು ಕರಗಿ ಕಡುನೀಲಿ. ತಾಮ್ರದ ಸುತ್ತ ನಾಲ್ಕು ಅಮೋನಿಯಾ ಕೂತವು. ತಾಮ್ರ, ಅಮೋನಿಯಾದ ಇಂಥದೇ ಇನ್ನೊಂದು ದ್ರಾವಣಕ್ಕೆ ಶ್ವೈಟ್ಸರ್ ಅವರ ಹೆಸರಿದೆ; ನಮ್ಮೂರ ಮಾರ್ಕೆಟ್ಟಿಗೆ ಬರುವ ಹತ್ತಿಯನ್ನೂ ಅದು ಕರಗಿಸುತ್ತೆ.

ಇಷ್ಟು ಹತ್ತಿರದ ವಸ್ತುವನ್ನ ಕನ್ನಡ ಮೀಡಿಯಂನಿಂದ ಬಂದ ಹುಡುಗ, ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಪರದೇಶದ್ದು ಅಂತ ಬಾಯಿಪಾಠ ಮಾಡಬೇಕಾ? ‘ಮೈಲುತುತ್ತದಲ್ಲಿ ಸಲ್ಫೇಟ್ ಇದೆ ಅಂತ ಹೆಸರು ಹೇಳಲ್ಲವಲ್ಲ’ ಅಂತ ಕೆಲವರು ವಾದಿಸ್ತಾರೆ. ನಿಜ, ಹೇಳಲ್ಲ. ಅದಕ್ಕೇ ಪರೀಕ್ಷೆಯಲ್ಲಿ ಶಾಸ್ತ್ರೀಯ ಹೆಸರೇ ಇರಲಿ. ಆದರೆ ಲೂಟಿಯೋ ಅನ್ನುವವರು ಇವತ್ತು ಯಾರೂ ಇಲ್ಲ, ಮೈಲುತುತ್ತ ಅನ್ನುವವರು ನಮ್ಮ ಮನೆಯಲ್ಲೇ ಇದಾರೆ. ಊರಿಗೆ ಹೋದಾಗ ಚೀಲ ತೋರಿಸಿ ‘ಇದು ಅದೇ ಏನಪ್ಪಾ?’ ಅಂತ ಕೇಳಿದರೆ ಎಂಜಿನಿಯರಿಂಗ್ ಓದಿದವರು ಉತ್ತರ ಕೊಡಬೇಕು. ವಿಷದ ವಸ್ತು ಅದು, ಅಂದಾಜಿನ ಮೇಲೆ ಹೇಳೋದಲ್ಲ.

ಹಂಗಂತ ಸಂಸ್ಕೃತ ಹೊಸೆದು ಯಾರೂ ಆಡದ ಪದ ಕಟ್ಟೋದು ಬೇಡ. ರೈತರು ‘ಜಿಂಕ್’ ಅಂದರೆ ಜಿಂಕ್ ಅಂತಲೇ ಬರೆಯೋಣ. ನಾವು ಕೇಳೋದು ಇಷ್ಟೇ: ಲ್ಯಾಬಿನ ಬಾಟಲಿ ಚೀಟಿಯಲ್ಲಿ ಇಂಗ್ಲಿಷ್ ಹೆಸರಿನ ಕೆಳಗೆ ಇನ್ನೊಂದು ಸಾಲು. ಮೈಲುತುತ್ತ, ನವಸಾಗರ, ಅನ್ನಭೇದಿಯಿಂದ ಪಟ್ಟಿ ಶುರು ಮಾಡಿದೀವಿ. ನಿಮ್ಮ ಮನೇಲಿ, ಹೊಲದಲ್ಲಿ ಬಳಸೋ ಹೆಸರುಗಳನ್ನ ಬರೆದು ಸಂಘಕ್ಕೆ ಕೊಡಿ. ಎರಡು ಊರಲ್ಲಿ ಎರಡು ಹೆಸರಿದ್ದರೆ ಎರಡನ್ನೂ ಕೊಡಿ.