ನಮ್ಮ ಕಣ್ಣು ಕಿತ್ತು ನೀವು ದಾರಿ ಕಾಣಬೇಡಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ. ಕಬ್ಬು ಕಡಿಯುವ ಕಾಲ, ರಾತ್ರಿ ಎಂಟೂವರೆ. ಬೈಕಿನಲ್ಲಿ ನಲವತ್ತರ ವೇಗದಲ್ಲಿ ಊರಿಗೆ ಹೊರಟಿದ್ದೆ. ಎದುರಿನಿಂದ ಎತ್ತರದ ಕಾರೊಂದು ಬಂತು. ಕಾರು ನನಗೆ ಕಾಣಲಿಲ್ಲ, ಕಂಡದ್ದು ಅದರ ದೀಪ ಮಾತ್ರ. ವೆಲ್ಡಿಂಗ್ ಅಂಗಡಿಯ ಕಿಡಿಯಂಥ, ನೀಲಿ ಬೆರೆತ ಬಿಳಿ ಬೆಳಕು. ರಸ್ತೆ ಮಾಯವಾಯಿತು, ರಸ್ತೆಯ ಅಂಚು ಮಾಯವಾಯಿತು, ಪಕ್ಕದ ಸಾಲುಮರಗಳೂ ಮಾಯವಾದವು. ಮುಖ ತಿರುಗಿಸಿ ಬ್ರೇಕು ತುಳಿದೆ. ಕಾರು ಭರ್ರೆಂದು ದಾಟಿಹೋಯಿತು. ಕಣ್ಣು ತಿಳಿಯಾದಾಗ ಮುಂದಿನ ಚಕ್ರದಿಂದ ಮೊಳದಷ್ಟು ದೂರದಲ್ಲಿ ಒಂದು ಹುಲ್ಲಿನ ಹೊರೆ ಇತ್ತು. ಹೊರೆಯ ಕೆಳಗೆ ಸೈಕಲ್ಲು. ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಮುದುಕಪ್ಪ.

ಇಳಿದು ಅವರ ಕೈ ಹಿಡಿದುಕೊಂಡೆ. ಅವರು ಬೈಯಲಿಲ್ಲ. ಹೇಳಿದ್ದು ಇಷ್ಟೇ: "ಅಷ್ಟೊಂದ್ ಬೆಳ್ಕಿತ್ತಲ್ಲ ಮಗ, ನಿಂಗೆ ಕಾಣ್ತಾ ಇವ್ನಿ ಅಂದ್ಕಂಡೆ."

ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತಿದೆ. ಆ ಮುದುಕಪ್ಪನ ಮೇಲೆ ಹಗಲಿನಂತೆ ಬೆಳಕು ಸುರಿಯುತ್ತಿತ್ತು. ಅದೇ ಬೆಳಕು ನನ್ನ ಕಣ್ಣಿನಿಂದ ಅವರನ್ನು ಅಳಿಸಿಹಾಕಿತ್ತು. ಕಾರಿನವನಿಗೆ ದಾರಿ ಸ್ಪಷ್ಟವಾಗಿ ಕಂಡಿತು, ಅವನು ಮನೆ ಸೇರಿದ. ಅವನ ದೀಪದಿಂದ ಒಂದು ಜೀವ ಹೋಗಿದ್ದರೆ ಕೊಂದವನು ಎಂಬ ಹೆಸರು ನನಗೆ ಬರುತ್ತಿತ್ತು. ಎಫ್‌ಐಆರ್‌ನಲ್ಲಿ ಆ ದೀಪದ ಸುದ್ದಿಯೇ ಇರುತ್ತಿರಲಿಲ್ಲ.

ಕಂಪನಿಯ ಬಲ್ಬು ಕಿತ್ತು ಇಂಥ ಕಣ್ಣುಕುಕ್ಕುವ ದೀಪ ಹಾಕಿಸುವುದನ್ನು ಅಂಗಡಿಯವರು 'ಅಪ್‌ಗ್ರೇಡ್' ಎನ್ನುತ್ತಾರೆ. ನಾನು ಇದನ್ನು ಹಾಳುಗೆಡವುವ ಕೆಲಸ ಎನ್ನುತ್ತೇನೆ. ಏನು ಹಾಳಾಗುತ್ತದೆ ಎಂದು ತಿಳಿಯಬೇಕಾದರೆ ಹೆಡ್‌ಲೈಟಿನ ಒಳಗೆ ಏನಿದೆ ಎಂದು ನೋಡಬೇಕು.

ನಮ್ಮ ಬಹುಪಾಲು ಹಳೆಯ ಕಾರುಗಳಲ್ಲಿ ಕಂಪನಿ ಹಾಕಿಕೊಟ್ಟಿರುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. 60/55 ವಾಟ್. ಒಂದೇ ಗಾಜಿನೊಳಗೆ ಎರಡು ತಂತಿಗಳು. ಹೈ ಬೀಮಿಗೆ ಒಂದು, ಡಿಮ್ಮಿಗೆ ಒಂದು. ಡಿಮ್ ತಂತಿಯ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ದೊನ್ನೆಯೊಂದಿದೆ. ತಂತಿಯ ಬೆಳಕು ಕೆಳಗಿನ ರಿಫ್ಲೆಕ್ಟರಿಗೆ ಬಡಿದು ಮೇಲಕ್ಕೆ ಚಿಮ್ಮದಂತೆ ಆ ದೊನ್ನೆ ತಡೆಯುತ್ತದೆ. ಹಾಗಾಗಿ ಬೆಳಕಿಗೆ ಒಂದು ಗಡಿ ಬರುತ್ತದೆ. ಗಡಿಯ ಕೆಳಗೆ ಬೆಳಕು, ಮೇಲೆ ಕತ್ತಲೆ. ಎಡದಲ್ಲಿ ನಡೆದುಹೋಗುವವರು ಕಾಣಲೆಂದು ಆ ಗಡಿ ಎಡಕ್ಕೆ ತುಸು ಏರುತ್ತದೆ. ಬಲಕ್ಕೆ, ಎದುರು ಬರುವವನ ಕಣ್ಣಿಗೆ ತಾಗಬಾರದೆಂದು, ತಗ್ಗಿಯೇ ಇರುತ್ತದೆ. ಯಾರೋ ಕೂತು, ಲೆಕ್ಕ ಹಾಕಿ, ತಂತಿಯನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಿಲ್ಲಿಸಿ ಮಾಡಿದ ಕೆಲಸ ಇದು. ಪಾದಚಾರಿಯನ್ನೂ ಎದುರಿನವನನ್ನೂ ನೆನೆದು ಮಾಡಿದ ಕೆಲಸ.

ಆ ಬಲ್ಬನ್ನು ಕಿತ್ತು, ಅದೇ ಹೋಲ್ಡರಿಗೆ ಎಲ್‌ಇಡಿಯನ್ನೋ ಎಚ್‌ಐಡಿ ಎಂಬ ತಂತಿಯಿಲ್ಲದ ಗ್ಯಾಸ್ ಬಲ್ಬನ್ನೋ ತುರುಕುತ್ತಾರೆ. ಹತ್ತು ನಿಮಿಷದ ಕೆಲಸ. ಬೆಳಕು ಹುಟ್ಟುವ ಜಾಗ ಬದಲಾಯಿತು, ಬೆಳಕಿನ ಆಕಾರ ಬದಲಾಯಿತು. ಆದರೆ ರಿಫ್ಲೆಕ್ಟರ್ ಹಳೆಯ ತಂತಿಗೆಂದು ಅಳೆದು ಮಾಡಿದ್ದು. ಬೆಳಕು ಗಡಿ ದಾಟಿ ಎಲ್ಲೆಂದರಲ್ಲಿ ಚೆಲ್ಲುತ್ತದೆ. ಇನ್ನು ಕೆಲವರು 100/90 ವಾಟಿನ ಬಲ್ಬು ಹಾಕಿಸಿ, ಕೆಳಗೆ ಎರಡು ಫಾಗ್ ಲ್ಯಾಂಪು, ಮೇಲೊಂದು ಬಾರ್ ಲೈಟು ಏರಿಸುತ್ತಾರೆ. ಬೈಕಿನ ಹುಡುಗರು ಹ್ಯಾಂಡಲ್ಲಿಗೆ ಪುಟ್ಟ ಪ್ರೊಜೆಕ್ಟರ್‌ಗಳನ್ನು ಕಟ್ಟಿಸಿ, ಅವನ್ನು ನೇರ ಎದುರಿನವರ ಮುಖಕ್ಕೇ ತಿರುಗಿಸುತ್ತಾರೆ. ಅಂಗಡಿಯೊಂದರಲ್ಲಿ ನಿಂತು ವಿಚಾರಿಸಿದೆ. ಕೆಲಸದ ಹುಡುಗ ಹೆಮ್ಮೆಯಿಂದ ಹೇಳಿದ: "ಇದ್ ಹಾಕ್ಸಿ ಸಾರ್, ಎದ್ರುಗಡೆಯೋನು ತಾನಾಗೇ ಪಕ್ಕಕ್ಕೆ ಸರೀತಾನೆ."

ಸರಿಯುವುದು ಎಲ್ಲಿಗೆ? ನಮ್ಮ ಜಿಲ್ಲಾ ರಸ್ತೆಗಳ ಡಾಂಬರಿನ ಅಂಚು ಎಷ್ಟೋ ಕಡೆ ಗೇಣುದ್ದ ಕುಸಿದಿರುತ್ತದೆ. ಆಚೆಗೆ ನಾಲೆ. ನಾಲೆಗೆ ತಡೆಗೋಡೆ ಇರಬೇಕೆಂದೇನೂ ಇಲ್ಲ. ಈಚೆಗೆ ಕಬ್ಬು ಹೇರಿಕೊಂಡ ಎತ್ತಿನ ಗಾಡಿ. ಹಿಂದೆ ಎರಡು ಟ್ರೈಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿಗೆ ಹಿಂಬದಿ ದೀಪವೂ ಇಲ್ಲ, ಮಿಂಚುವ ಪಟ್ಟಿಯೂ ಇಲ್ಲ. ಹೆದ್ದಾರಿಯಲ್ಲಾದರೆ ನಡುವೆ ವಿಭಜಕವಿದೆ, ಅದರ ಮೇಲೆ ಬೆಳೆಸಿದ ಕಣಗಿಲೆ, ಕಾಗದದ ಹೂವಿನ ಗಿಡಗಳು ಎದುರಿನ ಬೆಳಕನ್ನು ತಡೆಯುತ್ತವೆ. ಟೋಲ್ ಕಟ್ಟಿ ಹೋಗುವವರ ಕಣ್ಣಿಗೆ ಗಿಡದ ಮರೆಯಾದರೂ ಸಿಗುತ್ತದೆ. ಹಾಲಿನ ಡೇರಿಯಿಂದ ಕ್ಯಾನು ಹೊತ್ತು ಬರುವವನಿಗೆ, ಗಾರ್ಮೆಂಟ್ಸ್ ವ್ಯಾನಿನಿಂದ ಇಳಿದು ಊರಿನ ತಿರುವಿನವರೆಗೆ ನಡೆಯುವ ಹೆಣ್ಣುಮಕ್ಕಳಿಗೆ ಯಾವ ಮರೆಯೂ ಇಲ್ಲ.

ಕಣ್ಣಿನ ಲೆಕ್ಕವನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮಂದ ಬೆಳಕಿನಲ್ಲಿ ನೋಡಲೆಂದು ಕಣ್ಣು ಕೂಡಿಟ್ಟುಕೊಂಡ ವರ್ಣದ್ರವ್ಯ ತೀಕ್ಷ್ಣ ಬೆಳಕು ಬಡಿದೊಡನೆ ಕರಗಿಹೋಗುತ್ತದೆ. ಕಣ್ಣೊಳಗೆ ಚದುರಿದ ಬೆಳಕು ಇಡೀ ನೋಟದ ಮೇಲೆ ಬಿಳಿ ಪರದೆಯಂತೆ ಹರಡಿ, ಅದರ ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ವಯಸ್ಸಾದವರಿಗೆ, ಪೊರೆ ಬರುತ್ತಿರುವವರಿಗೆ ಈ ಪರದೆ ಇನ್ನೂ ದಪ್ಪ, ಸರಿಯುವುದೂ ನಿಧಾನ. ಮಳೆ ಬಂದರೆ, ಹೆಲ್ಮೆಟ್ಟಿನ ಗಾಜು ಗೀರಿದ್ದರೆ ಒಂದು ದೀಪ ನೂರಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವನು ಮೂರು ಸೆಕೆಂಡು ಕುರುಡಾದರೆ 50 ಮೀಟರ್ ದಾರಿಯನ್ನು ಕಣ್ಣು ಮುಚ್ಚಿಕೊಂಡೇ ದಾಟುತ್ತಾನೆ. ನಲವತ್ತರಲ್ಲಿದ್ದ ನಾನು ಆ ರಾತ್ರಿ ಸುಮಾರು 30 ಮೀಟರ್ ಹಾಗೆ ದಾಟಿದ್ದೆ.

ಮನುಷ್ಯರಾದರೆ ಬೈಯುತ್ತೇವೆ, ಬರೆಯುತ್ತೇವೆ. ಬೈಯಲಾಗದ ಜೀವಗಳ ಮಾತೂ ಇದೆ. ಪುನುಗು ಬೆಕ್ಕಿನ, ಜಿಂಕೆಯ ಕಣ್ಣಿನ ಹಿಂಬದಿಗೆ ಕನ್ನಡಿಯಂಥ ಪದರವಿದೆ. ಸಿಕ್ಕ ಚೂರು ಬೆಳಕನ್ನು ಎರಡು ಸಲ ಬಳಸಿಕೊಳ್ಳಲು ಪ್ರಕೃತಿ ಕೊಟ್ಟದ್ದು. ನಕ್ಷತ್ರದ ಬೆಳಕಿನಲ್ಲಿ ದಾರಿ ಹುಡುಕುವ ಆ ಕಣ್ಣಿಗೆ ಸಾವಿರಾರು ಲ್ಯೂಮೆನ್ ಬೆಳಕು ಬಡಿದರೆ ಎಷ್ಟೋ ಸಲ ಆ ಪ್ರಾಣಿ ಓಡುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಬೆಳಗ್ಗೆ ಡಾಂಬರಿನ ಮೇಲೆ ಚರ್ಮ ಮಾತ್ರ ಉಳಿದಿರುತ್ತದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಲ್ಲಿಸಿದ್ದೇ ಇಂಥ ಸಾವುಗಳಿಗೆ ಹೆದರಿ. ಗೇಟಿಲ್ಲದ ಕುರುಚಲು ಕಾಡುಗಳ, ಕೆರೆಯಂಗಳಗಳ ಜೀವಗಳಿಗೆ ಆ ಒಂಬತ್ತು ಗಂಟೆಯ ಉಸಿರೂ ಇಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅಳತೆ ಸಮೇತ ಹೇಳುತ್ತದೆ: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಯಾರ ದೃಷ್ಟಿಯನ್ನೂ ಆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನಿಂತ ಮನುಷ್ಯನ ಕಣ್ಣಿನ ಎತ್ತರ. ಅಂದರೆ ಆ ಮುದುಕಪ್ಪನ ಕಣ್ಣು ಕಾನೂನಿನ ಪುಸ್ತಕದಲ್ಲಿ ಇದೆ. 2019ರ ತಿದ್ದುಪಡಿಯ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇಷ್ಟಿದ್ದೂ ಹಗಲುಹೊತ್ತಿನಲ್ಲಿ, ಬೋರ್ಡು ಹಾಕಿಕೊಂಡು, ರಸ್ತೆಯ ಮೇಲೆಯೇ ಕಾರು ನಿಲ್ಲಿಸಿಕೊಂಡು ಈ ಬಲ್ಬುಗಳನ್ನು ಕೂರಿಸುತ್ತಾರೆ. ಡಬ್ಬಿಯ ಮೂಲೆಯಲ್ಲಿ 'ಆಫ್-ರೋಡ್ ಬಳಕೆಗೆ ಮಾತ್ರ' ಎಂದು ಇರುವೆ ಗಾತ್ರದಲ್ಲಿ ಅಚ್ಚು ಹಾಕಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಯಾವ ಆಫ್-ರೋಡ್ ಸ್ವಾಮಿ? ನಿಮ್ಮ ಗಿರಾಕಿ ಅಂಗಡಿಯಿಂದ ಇಳಿಯುವುದೇ ರೋಡಿಗೆ. ಲಾರಿ, ಬಸ್ಸುಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂಬ ತಪಾಸಣೆ ಉಂಟು. ಸ್ವಂತದ ಕಾರಿಗೆ ಹದಿನೈದು ವರ್ಷ ತುಂಬುವವರೆಗೆ ಅದರ ಗೊಡವೆಯೇ ಇಲ್ಲ. ಶೋರೂಮಿನಿಂದ ಬಂದ ವಾರದಲ್ಲೇ ದೀಪ ಬದಲಿಸಿದವನು ಹದಿನೈದು ವರ್ಷ ಆರ್‌ಟಿಒ ಮುಖ ನೋಡದೆ ಎದುರಿನವರ ಕಣ್ಣು ಕುಕ್ಕುತ್ತ ತಿರುಗಬಹುದು.

2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣುಕುಕ್ಕುವ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿ ಸಾವಿರಾರು ಕೇಸು ಹಾಕಿದರು. ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಜುಲೈ ಮುಗಿಯಿತು, ಕತ್ತಲೆ ಮುಗಿಯಲಿಲ್ಲ. ರಾತ್ರಿಯ ಅಪರಾಧವನ್ನು ಹಗಲಿನ ಸರ್ಕಲ್ಲಿನಲ್ಲಿ ನಿಂತು ಹಿಡಿಯಲಾಗದು. ಕೊಂಡವನಿಗೆ ದಂಡ ಹಾಕಿ ಮಾರಿದವನನ್ನು ಬಿಟ್ಟರೆ ಮರುದಿನ ಅದೇ ಹೋಲ್ಡರಿಗೆ ಇನ್ನೊಂದು ಬಲ್ಬು ಬರುತ್ತದೆ.

"ಕಂಪನಿ ದೀಪದಲ್ಲಿ ಏನೂ ಕಾಣಲ್ಲ, ನಾವೇನು ಮಾಡೋಣ?" ಎನ್ನುವವರ ಸಂಕಟ ನನಗೆ ಗೊತ್ತಿದೆ. ಬಣ್ಣ ಬಳಿಯದ ಹಂಪು, ನೀರು ತುಂಬಿದ ಗುಂಡಿ, ರಸ್ತೆಯ ನಡುವೆ ಮಲಗಿದ ದನ, ಅಂಚಿನ ಬಿಳಿ ಗೆರೆಯ ಗುರುತೂ ಉಳಿಯದ ಡಾಂಬರು. ಈ ರಸ್ತೆಗಳನ್ನು ಹೀಗೆ ಬಿಟ್ಟವರು ಅಪರಾಧಿಗಳೇ. ಒಂದು ಡಬ್ಬಿ ಬಣ್ಣ ಬಳಿಯದ ಇಲಾಖೆ ಜನರನ್ನು ಸಾವಿರಾರು ರೂಪಾಯಿಯ ಬಲ್ಬಿನ ಅಂಗಡಿಗೆ ಅಟ್ಟುತ್ತಿದೆ. ಆ ಸಿಟ್ಟನ್ನು ಇಲಾಖೆಯ ಬಾಗಿಲಿಗೆ ಒಯ್ಯೋಣ, ನಾನೂ ಬರುತ್ತೇನೆ. ಅದನ್ನು ಬಿಟ್ಟು, ಸೈಕಲ್ಲಿನಲ್ಲಿ ಬರುವ ಬಡವನ ಮುಖಕ್ಕೆ ಎರಚುವುದು ಯಾವ ನ್ಯಾಯ?

ದಾರಿ ಕಾಣಲು ಇರುವ ಉಪಾಯಗಳು ಅಗ್ಗದವು. ಬಿಸಿಲಿಗೆ ಹಳದಿಗಟ್ಟಿದ ಹೆಡ್‌ಲೈಟಿನ ಹೊದಿಕೆಯನ್ನು ಉಜ್ಜಿ ಪಾಲಿಶ್ ಮಾಡಿಸಿ. ಹಳೆಯ ವೈರಿಂಗಿನಲ್ಲಿ ವೋಲ್ಟೇಜು ಇಳಿದು ದೀಪ ಮಂಕಾಗಿದ್ದರೆ ರಿಲೇ ಹಾಕಿಸಿ; ಅದೇ 60/55 ಬಲ್ಬು ಬೆಳಗುತ್ತದೆ. ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಬೆಳಕಿನ ಗಡಿ ಸರಿಯಿದೆಯೇ ನೋಡಿಸಿ. ಎಷ್ಟೋ ಕಾರುಗಳ ಸ್ಟೇರಿಂಗಿನ ಪಕ್ಕದಲ್ಲಿ ಸೊನ್ನೆಯಿಂದ ಮೂರರವರೆಗೆ ತಿರುಗುವ ಪುಟ್ಟ ಗಾಲಿಯೊಂದಿದೆ. ಹಿಂದೆ ಜನ, ಸಾಮಾನು ತುಂಬಿ ಕಾರಿನ ಮೂತಿ ಮೇಲೆದ್ದಾಗ ದೀಪ ತಗ್ಗಿಸಲು ಅದನ್ನು ಕೊಟ್ಟಿರುವುದು. ಇವತ್ತೇ ಅದನ್ನು ಹುಡುಕಿ.

ಸರ್ಕಾರಕ್ಕೆ ನನ್ನ ಒತ್ತಾಯ ಮೂರು. ರಸ್ತೆಗೆ ಒಪ್ಪಿಗೆಯಿಲ್ಲದ ಬಲ್ಬು ಮಾರುವ, ಕೂರಿಸುವ ಅಂಗಡಿಯ ಮೇಲೆ ಮೊದಲು ಕೇಸು ಹಾಕಿ. ಸ್ವಂತದ ವಾಹನಗಳ ದೀಪಕ್ಕೂ ಹೊಗೆ ತಪಾಸಣೆಯಂತೆ ಆಗಾಗ ತಪಾಸಣೆ ತನ್ನಿ. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳಿಗೆ ಮಿಂಚುವ ಪಟ್ಟಿ ಅಂಟಿಸದೆ ಸಕ್ಕರೆ ಕಾರ್ಖಾನೆಯ ಗೇಟು ತೆರೆಯಬೇಡಿ.

ಒಂದು ಕಾಲಕ್ಕೆ ಹೆಡ್‌ಲೈಟಿನ ಗಾಜಿನ ನಡುವೆ ಕಪ್ಪು ಬೊಟ್ಟು ಇಡುತ್ತಿದ್ದರು. ಲಾರಿಗಳ ಹಿಂದೆ ರಾತ್ರಿ ಡಿಪ್ಪರ್ ಬಳಸಿ ಎಂದು ಬರೆದಿರುತ್ತಿತ್ತು, ಇವತ್ತಿಗೂ ಕೆಲವದರ ಮೇಲಿದೆ. ಅಪರಿಚಿತ ಡ್ರೈವರುಗಳಿಬ್ಬರು ನಡುರಾತ್ರಿ ಎದುರಾದಾಗ ಒಬ್ಬ ದೀಪ ತಗ್ಗಿಸಿದರೆ ಇನ್ನೊಬ್ಬನೂ ತಗ್ಗಿಸುತ್ತಿದ್ದ. ಹೆಸರು, ಜಾತಿ, ಊರು ಯಾವುದನ್ನೂ ಕೇಳದೆ ಒಬ್ಬರಿಗೊಬ್ಬರು ಕೊಡುತ್ತಿದ್ದ ಆ ಮರ್ಯಾದೆಯನ್ನೂ ನೀವು ಬಲ್ಬಿನ ಜೊತೆಗೇ ಕಿತ್ತು ಬಿಸಾಡಿದ್ದೀರಿ.

ಮುದುಕಪ್ಪ ಈಗಲೂ ಅದೇ ರಸ್ತೆಯಲ್ಲಿ ಹುಲ್ಲು ತರುತ್ತಾರೆ. ಮೊನ್ನೆ ಅವರ ಸೈಕಲ್ಲಿನ ಹಿಂದೆ ಕೆಂಪು ಪಟ್ಟಿ ಅಂಟಿಸಿ ಬಂದೆ. ಆದರೆ ನನಗೆ ಸಮಾಧಾನವಿಲ್ಲ. ಕುರುಡಾದ ಕಣ್ಣಿಗೆ ಯಾವ ಪಟ್ಟಿಯೂ ಕಾಣುವುದಿಲ್ಲ. ಇವತ್ತು ರಾತ್ರಿಯೂ ನಿಮ್ಮ ಕಾರಿನ ಬೆಳಕು ಮೈಮೇಲೆ ಬಿದ್ದಾಗ, ಹಿಂದೆ ಬರುವವನಿಗೆ ತಾನು ಕಾಣುತ್ತಿದ್ದೇನೆ ಎಂದೇ ಅವರು ನಂಬಿರುತ್ತಾರೆ. ದೀಪ ತಗ್ಗಿಸಿ. ಆ ನಂಬಿಕೆ ಸುಳ್ಳಾಗದಿರಲಿ.