ಮನೆವಾರ್ತೆ: ಗಾಣದ ಮನೆಯ ಕುಸುಬಿ ಎಣ್ಣೆ

ಫ್ರಾನ್ಸ್, ಇಟಲಿ ಮೊದಲಾದ ದೇಶಗಳಲ್ಲಿ ಊಟದೊಡನೆ ದ್ರಾಕ್ಷಾಮದ್ಯವನ್ನು ಸೇವಿಸುವ ರೂಢಿಯುಂಟು. ಅಲ್ಲಿಯ ವಿವೇಕಿಗಳಾದ ಗೃಹಸ್ಥರು ದೊಡ್ಡ ಹೆಸರಿನ ಸೀಸೆಗೆ ಮರುಳಾಗದೆ, ತಂದೆಮಕ್ಕಳು ಕೂಡಿ ದುಡಿಯುವ ಸಣ್ಣ ತೋಟವೊಂದನ್ನು ಗುರುತುಮಾಡಿಕೊಂಡು, ಅಲ್ಲಿಂದ ಹದವಾದ ಬೆಲೆಗೆ ಒಳ್ಳೆಯ ಸರಕನ್ನು ವರುಷವರುಷವೂ ತರುವರು. ನಮ್ಮ ಮನೆಗಳಿಗೆ ಆ ಮದ್ಯವು ಬೇಡ; ಆದರೆ ಆ ವಿವೇಕವು ಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಊಟದ ಎಡೆಯಲ್ಲಿ ಮಣ್ಣಿನ ಗುಣವನ್ನೂ ಮಾಡುವವರ ಕೈಗುಣವನ್ನೂ ಒಟ್ಟಿಗೆ ತಂದು ಬಡಿಸುವ ವಸ್ತುವಾವದೆಂದರೆ ಗಾಣದ ಎಣ್ಣೆ. ಅದರಲ್ಲಿಯೂ ಎರೆಯ ಹೊಲದ ಕುಸುಬಿ ಎಣ್ಣೆ. ಈ ತಿಂಗಳು ಅದರ ಗುಣವನ್ನೂ ಬೆಲೆಯನ್ನೂ ವಿಚಾರಿಸುವೆವು.

ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕಳೆದ ಯುಗಾದಿಗೆ ಮುಂಚೆ ಬೆಟಗೇರಿಯ ಒಂದು ಗಾಣದ ಮನೆಗೆ ಹೋಗಿದ್ದೆವು. ಗಂಡಹೆಂಡಿರಿಬ್ಬರೇ ನಡೆಯಿಸುವ ಗಾಣ. ಮರದ ಒರಳು ಹಳೆಯದು. ಎತ್ತಿನ ಬದಲು ಈಗ ಮೋಟಾರು ತಿರುಗಿಸುವದು. ಎಣ್ಣೆಯ ಬೆಲೆಯನ್ನು ಕೇಳಿದೊಡನೆ ನಮ್ಮ ಬಾಯಿಂದ, "ಪೇಟೆಯಲ್ಲಿ ಗಾಣದ ಎಣ್ಣೆಯೆಂದು ಬರೆದ ಸೀಸೆ ಇದರ ಅರ್ಧ ಬೆಲೆಗೆ ಸಿಗುವದಲ್ಲವ್ವಾ?" ಎಂಬ ಮಾತು ಬಂದಿತು. ಆ ತಾಯಿ ಕೈಯೊರಸಿಕೊಂಡು ನಕ್ಕಳು. "ಗುರುಗಳ, ನನ್ನ ಗುರುತು ಸಿಗಲಿಲ್ಲೇನ್ರೀ? ಐದನೇತ್ತದಾಗ ತ್ರೈರಾಶಿಕ ಕಲಿಸಿದವರು ನೀವ. ನಾಕ ಕಿಲೋ ಕುಸುಬಿ ಹಾಕಿದ್ರ ಒಂದ ಕಿಲೋ ಎಣ್ಣಿ ಬೀಳತೈತಿ. ಈಗ ನೀವ ಲೆಕ್ಕಾ ಮಾಡಿ ಹೇಳ್ರಿ, ಎಷ್ಟಕ್ಕ ಮಾರಲಿ?" ಎಂದಳು. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಲೆಕ್ಕ ಕಲಿಸಿದ ನಾವು ಶಿಷ್ಯೆಯ ಮುಂದೆ ನಿರುತ್ತರರಾಗಿ ನಿಂತೆವು.

ಮನೆಗೆ ಬಂದು ಲೆಕ್ಕವನ್ನು ಮಾಡಿದೆವು. ವಾಚಕರೂ ಮಾಡಿ ನೋಡಬೇಕು. ಕುಸುಬಿಯ ಕಾಳಿನಲ್ಲಿ ಸಿಪ್ಪೆಯ ಪಾಲೇ ಬಹಳ. ಎಣ್ಣೆಯು ನೂರಕ್ಕೆ ಮೂವತ್ತರ ಸುತ್ತುಮುತ್ತು. ಗಾಣವು ಅದೆಲ್ಲವನ್ನೂ ಹಿಂಡಲಾರದು. ಸ್ವಲ್ಪ ಭಾಗವು ಹಿಂಡಿಯಲ್ಲಿಯೇ ಉಳಿಯುವದು. ಆದಕಾರಣ ನಾಲ್ಕು ಕಿಲೋ ಕಾಳಿಗೆ ಒಂದು ಕಿಲೋ ಎಣ್ಣೆಯೆಂಬ ಮಾತು ಸರಿಯಾದದ್ದು. 2025-26ರ ಹಿಂಗಾರಿ ಮಾರಾಟದ ಹಂಗಾಮಿಗೆ ಕೇಂದ್ರ ಸರಕಾರವು ಕುಸುಬಿಗೆ ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಲಿಗೆ 5,940 ರೂಪಾಯಿ. ಎಂದರೆ ಕಿಲೋಕ್ಕೆ 59 ರೂಪಾಯಿ 40 ಪೈಸೆ. ನಾಲ್ಕು ಕಿಲೋಕ್ಕೆ 237 ರೂಪಾಯಿ 60 ಪೈಸೆ. ಹಿಂಡಿಯನ್ನು ದನಗಳ ಮೇವಿಗೆ ಮಾರಿ ಬಂದ ಹಣದಿಂದ ವಿದ್ಯುತ್ತಿನ ಮತ್ತು ಕೂಲಿಯ ಖರ್ಚು ತೀರಿತೆಂದಿಟ್ಟುಕೊಂಡರೂ ಕಾಳಿನ ಮೂಲ ಬೆಲೆಯು ಉಳಿದೇ ಉಳಿಯುವದು. ಒಂದು ಲೀಟರು ಎಣ್ಣೆಯ ತೂಕವು ಸುಮಾರು 920 ಗ್ರಾಂ. ಅಂದಬಳಿಕ ಲೀಟರಿಗೆ ಕಾಳಿನ ಖರ್ಚೇ 218 ರೂಪಾಯಿಯ ಮೇಲಾಯಿತು. ಸೀಸೆ, ಚೀಟಿ, ಸಾಗಾಣಿಕೆ, ಆ ಸಂಸಾರದ ಹೊಟ್ಟೆಯ ಪಾಡು ಇವೆಲ್ಲ ಬೇರೆ. ಪೇಟೆಯ ಧಾರಣೆಯು ಏರಿದರೆ ಈ ಲೆಕ್ಕವೂ ಏರುವದು, ಇಳಿದರೆ ಇಳಿಯುವದು. ಆದರೆ ನಾಲ್ಕಕ್ಕೆ ಒಂದೆಂಬ ಪ್ರಮಾಣವು ತಪ್ಪುವದಿಲ್ಲ. ಹೀಗಿರಲು, ಕಾಳಿನ ಖರ್ಚಿಗಿಂತಲೂ ಕಡಿಮೆ ಬೆಲೆಗೆ ‘ಗಾಣದ ಶುದ್ಧ ಕುಸುಬಿ ಎಣ್ಣೆ’ಯನ್ನು ಮಾರುವವನು ಒಂದೋ ಧರ್ಮಾತ್ಮನಾಗಿರಬೇಕು, ಇಲ್ಲವೆ ಅದರಲ್ಲಿ ಬೇರೆ ಎಣ್ಣೆಯನ್ನು ಬೆರೆಸಿರಬೇಕು.

ಬೆರೆಸುವದಕ್ಕೆ ಅಗ್ಗದ ಎಣ್ಣೆಯು ಎಲ್ಲಿಂದ ಬರುವದೆಂದು ಕೇಳುವಿರಾದರೆ, ನಮ್ಮ ದೇಶಕ್ಕೆ ಬೇಕಾಗುವ ಅಡಿಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಡಗಿನಲ್ಲಿ ಬರುವದು. ಅದರಲ್ಲಿ ಇಂಡೋನೇಷ್ಯ, ಮಲೇಷ್ಯಗಳ ತಾಳೆಯೆಣ್ಣೆಯೇ ಮುಖ್ಯವಾದದ್ದು. ತಾಳೆಯೆಣ್ಣೆಯನ್ನು ತಾಳೆಯೆಣ್ಣೆಯೆಂದೇ ಹೇಳಿ ಮಾರಿದರೆ ನಮ್ಮ ತಕರಾರಿಲ್ಲ. ಕುಸುಬಿಯ ಹೆಸರಿನಲ್ಲಿ ಮಾರಿದರೆ ಮಾತ್ರ ಉಂಟು.

ಇನ್ನು ಕುಸುಬಿಯ ವಿಷಯ. ನಮ್ಮ ಸೀಮೆಯ ಎರೆ ಭೂಮಿಯಲ್ಲಿ ಮಳೆಗಾಲವು ಕಳೆಯುವ ಹೊತ್ತಿಗೆ ಬಿತ್ತಿದರೆ, ಆ ಬೆಳೆಯು ಮುಂದೆ ಮಳೆಯನ್ನು ಬೇಡದೆ ಆಳಕ್ಕೆ ಬೇರಿಳಿಸಿ, ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುವದು. ಬಿಳಿಜೋಳದ ಮತ್ತು ಕಡಲೆಯ ಹೊಲಗಳ ಅಂಚಿಗೆ ಅದನ್ನು ಹಾಕುವ ಪದ್ಧತಿಯು ಹಿಂದಿನಿಂದ ಬಂದದ್ದು. ಅದರ ಮುಳ್ಳಿಗೆ ಹೆದರಿ ದನಗಳು ಒಳಗೆ ಹೊಗುವದಿಲ್ಲ. ಸುಗ್ಗಿಯಲ್ಲಿ ಆ ಮುಳ್ಳೇ ಆಳುಗಳಿಗೂ ಕಾಡುವದು. ಇಬ್ಬನಿಯಿಂದ ಮುಳ್ಳು ಮೆತ್ತಗಿರುವ ನಸುಕಿನಲ್ಲಿ, ಕೈಕಾಲಿಗೆ ಅರಿವೆ ಸುತ್ತಿಕೊಂಡು ಕೊಯ್ಯಬೇಕಾಗುವದು. ಈ ತೊಂದರೆಯಿಂದಲೂ ಬೆಲೆಯ ಅನಿಶ್ಚಯದಿಂದಲೂ ಅನೇಕ ರೈತರು ಅದನ್ನು ಕೈಬಿಟ್ಟಿರುವರು. ನೆರೆಯ ಅಣ್ಣಿಗೇರಿಯ ಕೃಷಿ ಸಂಶೋಧನ ಕೇಂದ್ರದಿಂದ ಹೊರಟ ‘ಅಣ್ಣಿಗೇರಿ-1’ ಎಂಬ ಕುಸುಬಿಯ ತಳಿಯು ನಾಡಿನಾಚೆಗೂ ಹೆಸರಾದದ್ದು. ಇಷ್ಟು ಹತ್ತಿರದ ಬೆಳೆಯು ನಮ್ಮ ಅಡಿಗೆಯ ಮನೆಗೆ ದೂರವಾದದ್ದು ವಿಷಾದದ ಸಂಗತಿ.

ಕುಸುಬಿಯು ಸಂಸ್ಕೃತದಲ್ಲಿ ಕುಸುಂಭ. ಅದರ ಹೂವಿನ ಬಣ್ಣದಿಂದ ಕೆಂಪೇರಿದ ದುಕೂಲಗಳನ್ನು ಕಾಳಿದಾಸನು ಋತುಸಂಹಾರದಲ್ಲಿ ನೆನೆದಿರುವನು. ಆದರೆ ಎಣ್ಣೆಯ ವಿಷಯದಲ್ಲಿ ಶಾಸ್ತ್ರವು ಅಷ್ಟು ಪ್ರಸನ್ನವಾಗಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಪ್ರತಿಯೊಂದು ವರ್ಗದೊಳಗೂ ಅತ್ಯಂತ ಹಿತವಾದದ್ದಾವದು, ಅತ್ಯಂತ ಅಹಿತವಾದದ್ದಾವದು ಎಂಬ ಪಟ್ಟಿಯಿದೆ. ಸಸ್ಯಗಳ ಎಣ್ಣೆಗಳಲ್ಲಿ ಎಳ್ಳೆಣ್ಣೆಗೆ ಮೊದಲನೆಯ ಸ್ಥಾನ; ಕುಸುಂಭದ ಎಣ್ಣೆಗೆ ಕಡೆಯ ಸ್ಥಾನ! ತಾರುಣ್ಯದಲ್ಲಿ ಈ ವಾಕ್ಯವನ್ನು ಓದಿದ ಹೊಸತರಲ್ಲಿ ನಾವು ಮನೆಗೆ ಬಂದು, ಕುಸುಬಿ ಎಣ್ಣೆಯನ್ನು ಇನ್ನು ತರಕೂಡದೆಂದು ತಾಯಿಯವರ ಮುಂದೆ ವಾದಿಸಿದ್ದುಂಟು. ಅವರು ಏನೂ ಅನ್ನದೆ, ಬಿಸಿರೊಟ್ಟಿಯ ಮೇಲೆ ಶೇಂಗಾ ಚಟ್ನಿಯ ಪುಡಿಯನ್ನು ಹಾಕಿ, ನಡುವೆ ಕುಳಿಮಾಡಿ, ಹಸಿ ಕುಸುಬಿ ಎಣ್ಣೆಯನ್ನು ಬಿಟ್ಟು ಬಡಿಸಿದರು. ನಾವು ಉಂಡೆವು. ವಾದವು ಅಲ್ಲಿಗೆ ಮುಗಿಯಿತು. ಸಂಶಯವು ಮಾತ್ರ ಉಳಿಯಿತು.

ಈಗಿನ ಶಾಸ್ತ್ರಜ್ಞರು ಏನನ್ನುವರು? ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವು ನೂರಕ್ಕೆ 75ರಷ್ಟಿರುವದು. ಇದು ಶರೀರವು ತಾನಾಗಿ ಮಾಡಿಕೊಳ್ಳಲಾರದ, ಆಹಾರದಿಂದಲೇ ಪಡೆಯಬೇಕಾದ ಅಂಶವು. ಆದರೆ ಇದೇ ಅಂಶವು ಗಾಳಿ, ಬೆಳಕು, ಬಿಸಿಗಳಿಗೆ ಬೇಗನೆ ಕೆಡುವದು. ಕುಸುಬಿ ಎಣ್ಣೆಯು ತೆಳ್ಳಗೆ ಬಳಿದರೆ ಒಣಗಿ ಪೊರೆಗಟ್ಟುವದರಿಂದಲೇ ಬಣ್ಣ, ವಾರ್ನಿಷುಗಳಲ್ಲಿಯೂ ಬಳಸಲ್ಪಡುವದು. ಇನ್ನೊಂದು ಸಂಗತಿ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಹೃದಯರೋಗವು ಬಂದುಹೋಗಿದ್ದ 458 ಜನ ಪುರುಷರ ಮೇಲೆ ಒಂದು ಪರೀಕ್ಷೆಯು ನಡೆಯಿತು. ಒಂದು ಗುಂಪಿನವರಿಗೆ ಬೆಣ್ಣೆ ಮೊದಲಾದ ಕೊಬ್ಬನ್ನು ಕಡಿಮೆಮಾಡಿಸಿ, ಅದರ ಬದಲು ಕುಸುಬಿ ಎಣ್ಣೆಯನ್ನೂ ಅದರಿಂದ ಮಾಡಿದ ಕೃತಕ ಬೆಣ್ಣೆಯನ್ನೂ ಯಥೇಷ್ಟವಾಗಿ ಕೊಟ್ಟರು. ಅದರ ಪೂರ್ಣ ಲೆಕ್ಕವು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾದಾಗ, ಆ ಗುಂಪಿನಲ್ಲಿಯೇ ಮರಣಗಳು ಹೆಚ್ಚಾಗಿದ್ದದ್ದು ಕಂಡುಬಂದಿತು. ರೋಗಿಗಳ ಮೇಲೆ ನಡೆದ ಒಂದೇ ಪರೀಕ್ಷೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಇದಕ್ಕೆ ವಿರೋಧವಾದ ಸಂಶೋಧನೆಗಳೂ ಇರುವವು. ಆದರೂ ಕುಸುಬಿಯೊಂದೇ ಹೃದಯಕ್ಕೆ ಅಮೃತವೆಂದು ಸಾರುವ ಜಾಹೀರಾತನ್ನು ನಂಬಿ ಮೂರೂ ಹೊತ್ತು ಅದನ್ನೇ ಸುರಿಯುವದು ಅವಿವೇಕವೆಂದು ಇದರಿಂದ ತಿಳಿಯಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಿಸಿ ಬಳಸಬೇಕೆಂದೇ ಹೇಳುವರು. ಚರಕನ ಮಾತನ್ನೂ ತಾಯಿಯ ಕೈಯ ರೊಟ್ಟಿಯನ್ನೂ ಒಂದೇ ಎಡೆಯಲ್ಲಿ ಕೂಡಿಸಲು ನಮಗೆ ಸಿಕ್ಕ ದಾರಿಯು ಇಷ್ಟೇ: ಕುಸುಬಿಯು ರುಚಿಗೆ, ಮಿತವಾಗಿ, ಹೊಸದಾಗಿದ್ದಾಗ.

ಆದಕಾರಣ ನಮ್ಮ ಶಿಫಾರಸು ಹೀಗಿದೆ. ನಾಲ್ಕೈದು ಜನರ ಮನೆಗೆ ತಿಂಗಳಿಗೆ ಅರ್ಧ ಲೀಟರು ಕುಸುಬಿ ಎಣ್ಣೆ ಸಾಕು. ಚಟ್ನಿಯ ಪುಡಿಗೆ, ಗುರೆಳ್ಳಿನ ಹಿಂಡಿಗೆ, ಕೋಸಂಬರಿಗೆ ಹಸಿಯಾಗಿಯೇ ಬಳಸಬೇಕು. ಕರಿಯುವದಕ್ಕೆ ಇದು ತಕ್ಕದ್ದಲ್ಲ. ಮಿರ್ಚಿ ಭಜಿಯ ಬಾಣಲೆಗೆ ಶೇಂಗಾ ಎಣ್ಣೆಯೇ ಇರಲಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕೆಂಪು ಮಸಾರಿಯ ಶೇಂಗಾ ಒಳ್ಳೆಯದಿರುವದು. ಅದರ ಬೀಜ ಎರಡೂವರೆ ಕಿಲೋ ಹಾಕಿದರೆ ಒಂದು ಕಿಲೋ ಎಣ್ಣೆಯು ಬರುವದೆಂದು ಲೆಕ್ಕ ಹಿಡಿಯಬೇಕು. ಅಭ್ಯಂಗನಕ್ಕೂ ದೇವರ ದೀಪಕ್ಕೂ ಎಳ್ಳೆಣ್ಣೆ.

ಕೊಳ್ಳುವಲ್ಲಿ ಎಲ್ಲಕ್ಕೂ ಉತ್ತಮವಾದ ಕ್ರಮವು ಹಿರಿಯರದ್ದೇ. ಸುಗ್ಗಿಯು ಮುಗಿದ ಮೇಲೆ ಪರಿಚಿತ ರೈತರಿಂದ ಕಾಳನ್ನು ಕೊಂಡು, ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟು, ಎರಡು ತಿಂಗಳಿಗೊಮ್ಮೆ ಬೇಕಾದಷ್ಟನ್ನೇ ಒಯ್ದು ಕೂಲಿ ಕೊಟ್ಟು ಗಾಣ ಆಡಿಸಿಕೊಂಡು ಬರುವದು. ಕಾಳು ನಿಮ್ಮದು, ಕಣ್ಣು ನಿಮ್ಮದು, ಸಂಶಯಕ್ಕೆ ಎಡೆಯಿಲ್ಲ. ಒಡೆಯದ ಕಾಳಿನಲ್ಲಿ ಎಣ್ಣೆಯು ಸೀಸೆಯಲ್ಲಿರುವದಕ್ಕಿಂತ ಹೆಚ್ಚು ದಿನ ಕೆಡದೆ ಉಳಿಯುವದು. ಕಾಳನ್ನು ಒಯ್ಯುವದು ಆಗದವರು ಸೀಸೆಯನ್ನು ಕೊಳ್ಳಬಹುದು. ಬಿಡಿ ಎಣ್ಣೆಯ ಮಾರಾಟಕ್ಕೆ 2011ರ ಆಹಾರ ಸುರಕ್ಷತೆಯ ನಿಯಮಗಳಲ್ಲಿ ನಿರ್ಬಂಧವಿರುವದರಿಂದ, ಚೀಟಿಯ ಮೇಲೆ 14 ಅಂಕಿಗಳ ಪರವಾನಗಿ ಇಲ್ಲವೆ ನೋಂದಣಿಯ ಸಂಖ್ಯೆ, ತುಂಬಿದ ದಿನಾಂಕ, ತೂಕ ಇವುಗಳನ್ನು ನೋಡಬೇಕು. ದಿನಾಂಕವು ತಿಂಗಳೊಳಗಿನದಾಗಿರಲಿ. ಗಾಜಿನ ಇಲ್ಲವೆ ಉಕ್ಕಿನ ಪಾತ್ರೆಯಲ್ಲಿ, ಬಿಗಿಮುಚ್ಚಿ, ಒಲೆಯಿಂದ ದೂರ ಕತ್ತಲೆಯಲ್ಲಿಡಬೇಕು. ತಳದಲ್ಲಿ ತುಸು ಗಸಿಯು ಕೂಡ್ರುವದು ದೋಷವಲ್ಲ. ಮುಗ್ಗಿದ ಕಾಳಿನ ವಾಸನೆಯು ದೋಷ.

ಗೃಹಿಣಿಯರಿಗೆ ಒಂದು ಸುಲಭ ಪರೀಕ್ಷೆಯನ್ನೂ ಹೇಳುವೆವು. ಕುಸುಬಿ ಎಣ್ಣೆಯನ್ನು ಸಣ್ಣ ಬಟ್ಟಲಿನಲ್ಲಿ ಹಾಕಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿರಿ. ಶುದ್ಧವಾದದ್ದು ತುಸು ಮಸುಕಾದರೂ ಹರಿಯುತ್ತಲೇ ಇರುವದು. ಬೆಣ್ಣೆಯಂತೆ ಹೆಪ್ಪುಗಟ್ಟಿದರೆ ತಾಳೆಯೆಣ್ಣೆಯ ಬೆರಕೆಯೆಂದು ಸಂಶಯಿಸಬಹುದು. ಸೂರ್ಯಕಾಂತಿಯ ಎಣ್ಣೆಯನ್ನು ಬೆರೆಸಿದ್ದರೆ ಈ ಪರೀಕ್ಷೆಯಿಂದ ತಿಳಿಯುವದಿಲ್ಲ; ಶೇಂಗಾ ಎಣ್ಣೆಗೆ ಇದನ್ನು ಮಾಡಲೇಬಾರದು, ಅದು ಶುದ್ಧವಾಗಿದ್ದರೂ ತಣುಪಿಗೆ ಗಟ್ಟಿಯಾಗುವದು. ಹಾಗಾದರೆ ಕೊನೆಗೆ ಭರವಸೆ ಯಾವದರ ಮೇಲೆ? ಗಾಣ ಆಡಿಸುವ ಮನೆಯವರ ಮೋರೆಯ ಮೇಲೆ. ಎದುರಿಗೆ ಕುಳಿತು ವ್ಯಾಪಾರ ಮಾಡುವವರು, ನಾಳೆಯೂ ಅದೇ ಓಣಿಯಲ್ಲಿ ನಿಮಗೆ ಮೋರೆ ತೋರಿಸಬೇಕಾದವರು, ಮೋಸಕ್ಕೆ ಸುಲಭವಾಗಿ ಇಳಿಯಲಾರರು.

ಇದು ನಮ್ಮ ನಾಡಿಗೆ ಹೊಸತೂ ಅಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ತೆಲ್ಲಿಗರ ‘ಐವತ್ತೊಕ್ಕಲು’ ಎಂಬ ಸಂಘದ ಹೆಸರು ಬರುವದು. ದೇವಾಲಯದ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆಯೆಂದು ಬಿಟ್ಟುಕೊಟ್ಟ ದತ್ತಿಗಳೂ ಬರುವವು. ಒಕ್ಕಲೆಂದರೆ ಸಂಸಾರ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೂ ಒಬ್ಬನು. ಗಾಣವು ಅಂದೂ ಒಂದು ಮನೆತನದ ಮಾತನ್ನು ನಂಬಿ ನಡೆಯುವ ಉದ್ಯೋಗವಾಗಿದ್ದಿತು.

ಬೆಟಗೇರಿಯ ಆ ಮನೆಗೆ ಮರುವಾರ ನಾವು ತಿರುಗಿ ಹೋದೆವು. ಹೇಳಿದ ಬೆಲೆಯನ್ನೇ ಕೊಟ್ಟು ಅರ್ಧ ಲೀಟರು ತಂದೆವು. ಲೆಕ್ಕವು ಸರಿಯಾಗಿದೆಯೆಂದು ಶಿಷ್ಯೆಗೆ ಒಪ್ಪಿಸಿದೆವು. ಆಕೆಯು ಹಿಗ್ಗಿದಳು. ಆದರೆ ಸೀಸೆಯನ್ನು ಕಟ್ಟಿಕೊಡುವಾಗ, "ಈ ವರ್ಷ ನಡದ್ರ ನಡೀತ್ರಿ ಗುರುಗಳ, ಇಲ್ಲಾಂದ್ರ ಗಾಣಾ ಕೊಟ್ಟಬಿಡೂನು ಅಂತಾರ ನಮ್ಮ ಮನಿಯವರು" ಎಂದಳು. ತಿಂಗಳಿಗೆ ಅರ್ಧ ಲೀಟರಿನಂತೆ ಎಷ್ಟು ಮನೆಗಳು ಕೂಡಿದರೆ ಒಂದು ಗಾಣವು ನಿಲ್ಲದೆ ತಿರುಗುವದೆಂದು ನಾವು ಆಕೆಯನ್ನೇ ಕೇಳಿದೆವು. ನೂರು ಮನೆ ಸಾಕೆಂದಳು. ನಮ್ಮ ಓಣಿಯಲ್ಲಿ ಇಲ್ಲಿಯವರೆಗೆ ಹದಿನೇಳು ಮನೆಯವರು ಒಪ್ಪಿರುವರು. ನಾಲ್ಕೂ ಊರುಗಳ ವಾಚಕರು ತಮ್ಮ ತಮ್ಮ ಓಣಿಯ ಗಾಣವನ್ನು ಒಮ್ಮೆ ವಿಚಾರಿಸಬೇಕೆಂದು ಬೇಡಿಕೊಳ್ಳುವೆವು.