ಮೊದಲು ಟೈರು, ಆಮೇಲೆ ಟರ್ಬೊ

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದು: ಇದರಿಂದ ಇನ್ನೆಷ್ಟು ಹಾರ್ಸ್‌ಪವರ್ ತೆಗೆಯಬಹುದು? ಎರಡನೇ ವಾರಕ್ಕೆ ಸೈಲೆನ್ಸರ್, ಏರ್ ಫಿಲ್ಟರ್, ಟರ್ಬೊ ಎಂದು ಪಟ್ಟಿ ಬೆಳೆದಿರುತ್ತದೆ. ಟೈರಿನ ಹೆಸರು ಅದರಲ್ಲಿ ಇದ್ದರೂ ಕಟ್ಟಕಡೆಗೆ. ಈ ಕ್ರಮವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಹೇಳಲು ಒಂದು ಕಾರನ್ನೇ ಮುಂದಿಟ್ಟುಕೊಳ್ಳುತ್ತೇನೆ.

ಮಾಜ್ದಾ ಎಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಸ್ವರಾಜ್ ಮಾಜ್ದಾ ಮಿನಿಬಸ್ಸು. ಅದೇ ಜಪಾನಿ ಕಂಪನಿ 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೊ ಶೋದಲ್ಲಿ ಎಂಎಕ್ಸ್-5 ಎಂಬ ಎರಡು ಸೀಟಿನ, ಮಡಿಸುವ ಚಾವಣಿಯ ಪುಟ್ಟ ಕಾರನ್ನು ಜಗತ್ತಿಗೆ ತೋರಿಸಿತು. ಅಮೆರಿಕದವರು ಅದನ್ನು ಮಿಯಾಟಾ ಎಂದು ಕರೆದರು. 1960ರ ದಶಕದ ಲೋಟಸ್ ಎಲಾನ್‌ನಂಥ ಬ್ರಿಟಿಷ್ ಕಾರುಗಳ ಹಗುರತನ, ಜಪಾನಿನ ಭರವಸೆಯ ಎಂಜಿನ್ನು, ಎರಡೂ ಅದರಲ್ಲಿ ಕೂಡಿದ್ದವು. ಕುದುರೆ ಮತ್ತು ಸವಾರ ಒಂದಾಗಿ ಓಡುವಂತೆ ಕಾರು ಮತ್ತು ಚಾಲಕ ಒಂದಾಗಬೇಕು ಎಂಬುದು ತೋಶಿಹಿಕೊ ಹಿರಾಯ್ ಮುಂದಾಳತ್ವದ ತಂಡದ ಗುರಿಯಾಗಿತ್ತು. 2016ರಲ್ಲಿ ಈ ಮಾದರಿಯ ಹತ್ತು ಲಕ್ಷದ ಕಾರು ತಯಾರಾಯಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ.

ಇಂಥ ಕಾರಿನ ಮೊದಲ ಎಂಜಿನ್ನು 1,597 ಸಿಸಿಯದು. ಶಕ್ತಿ 116 ಹಾರ್ಸ್‌ಪವರ್. ಇವತ್ತು ಮನೆಮಂದಿ ಕೂತು ಹೋಗುವ ಸಾಧಾರಣ ಕಾರಿನಲ್ಲೂ ಅಷ್ಟು ಇರುತ್ತದೆ. ಪಿಕಪ್ಪಿನಿಂದ ಅದು ಹೆಸರು ಮಾಡಿದ್ದಲ್ಲ. ತೂಕ ಒಂದು ಟನ್ನಿಗಿಂತ ಕಡಿಮೆ, ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಇವುಗಳ ಕೂಟದಿಂದ ಬಂದದ್ದು ಅದರ ಕೀರ್ತಿ. ಹೀಗಿರುವ ಕಾರಿಗೆ ಏನಾದರೂ ಸೇರಿಸುವ ಮುನ್ನ ಅದರಲ್ಲಿ ಇದ್ದದ್ದು ಈಗಲೂ ಇದೆಯೇ ಎಂದು ನೋಡಬೇಡವೇ?

ಬಹುಪಾಲು ಇರುವುದಿಲ್ಲ. ‘ಸ್ಟಾಕ್ ಕಂಡೀಷನ್’ ಎಂದು ಮಾರುವವರು ಹೇಳುವುದು ಬಿಡಿಭಾಗ ಬದಲಾಗಿಲ್ಲ ಎಂಬರ್ಥದಲ್ಲಿ ನಿಜ. ಆದರೆ ಮೂವತ್ತು ವರ್ಷದ ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಬಿಗಿ ಉಳಿದಿರುವುದಿಲ್ಲ, ಬುಷ್‌ಗಳ ರಬ್ಬರು ಬಿರಿದಿರುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನು ನೋಡಿ. ಹೊಸದರಲ್ಲಿ ಅದು ಅಚ್ಚ ಕಪ್ಪು. ಹಸಿರು ಬೆರೆತ ಕಂದು ಬಣ್ಣಕ್ಕೆ ತಿರುಗಿದ್ದರೆ ಸೀಳು ಬಿಡುವ ಕಾಲ ಹತ್ತಿರ ಬಂತು ಎಂದೇ ತಿಳಿಯಬೇಕು. ಗೇರ್ ಲಿವರಿನ ಬುಡದಲ್ಲಿ, ಗೇರ್‌ಬಾಕ್ಸಿನ ಎಣ್ಣೆಗೆ ಸಂಬಂಧವಿಲ್ಲದ ಒಂದು ಪುಟ್ಟ ಎಣ್ಣೆ ಗುಂಡಿ ಇದೆ. ಅದರ ಮೇಲಿನ ರಬ್ಬರ್ ಹೊದಿಕೆ ಹರಿದು ಎಣ್ಣೆ ಒಣಗಿದರೆ ಗೇರು ಸಡಿಲವಾಗಿ, ಒರಟಾಗಿ ಬೀಳುತ್ತದೆ. ಕಾಫಿ ಲೋಟದಷ್ಟೂ ಬೇಡ, ಸ್ವಲ್ಪ ಗೇರ್ ಆಯಿಲ್ ಮತ್ತು ಹೊಸ ರಬ್ಬರು ಹಾಕಿದರೆ ಆ ಕಾರಿನ ಪ್ರಸಿದ್ಧ ಗೇರ್ ಬದಲಾವಣೆ ಮರಳಿ ಕೈಗೆ ಸಿಗುತ್ತದೆ. ಸಾವಿರಾರು ಡಾಲರಿನ ಟರ್ಬೊ ಕಿಟ್ಟಿನಲ್ಲೂ ಸಿಗದ ಸಂತೋಷ ಇದು.

ಇನ್ನು ಟೈರಿನ ವಿಷಯ. ಇದನ್ನು ಸಾವಕಾಶವಾಗಿ ಹೇಳಬೇಕು. ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಪ್ರತಿ ಕಡೆ ಹೆಚ್ಚೆಂದರೆ ನಮ್ಮ ಅಂಗೈಯಷ್ಟು ಜಾಗ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ, ತಿರುವಿನ ಹಿಡಿತ ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ರಸ್ತೆಗೆ ಇಳಿಯಬೇಕು. ಹಳೆಯ ಕಾರು ವರ್ಷಕ್ಕೆ ಕೆಲವೇ ಬಾರಿ ಶೆಡ್ಡಿನಿಂದ ಹೊರಬರುವುದರಿಂದ ಟೈರು ಸವೆದಿರುವುದಿಲ್ಲ. ಗೀರುಗಳು ಆಳವಾಗಿಯೇ ಕಾಣುತ್ತವೆ. ಮೋಸ ಇರುವುದು ಅಲ್ಲಿ. ಟೈರಿನ ಪಕ್ಕದ ಗೋಡೆಯಲ್ಲಿ ‘ಡಾಟ್’ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 3512 ಎಂದಿದ್ದರೆ ಅದು 2012ರ ಮೂವತ್ತೈದನೇ ವಾರದಲ್ಲಿ ತಯಾರಾದದ್ದು. ಬಿಸಿಲು, ಗಾಳಿ ತಿಂದು ರಬ್ಬರು ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿದರೆ ಅಚ್ಚು ಮೂಡುವುದಿಲ್ಲ. ಅಂಥ ಟೈರು ಒಣ ರಸ್ತೆಯಲ್ಲೂ ಜಾರುತ್ತದೆ, ಮಳೆಯಲ್ಲಂತೂ ಅದನ್ನು ನಂಬುವಂತೆಯೇ ಇಲ್ಲ.

ಈ ಕಾರಿಗೆ ಕಾರ್ಖಾನೆಯಲ್ಲಿ ಹಾಕಿದ್ದು 185/60 ಅಳತೆಯ, 14 ಇಂಚಿನ ಟೈರು. ಆ ಅಳತೆಯಲ್ಲಿ ಈಗ ಒಳ್ಳೆಯ ಹಿಡಿತದ ಟೈರುಗಳ ಆಯ್ಕೆ ಕಡಿಮೆ. ಅದಕ್ಕಾಗಿಯೇ ಬಲ್ಲವರು 15 ಇಂಚಿನ ಹಗುರ ರಿಮ್ಮಿಗೆ 195/50 ಟೈರು ಹಾಕಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಮೊದಲಿನದರ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರ್, ಎರಡನೆಯದರದು 576. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರಿನ ಅನುಪಾತ ಕೆಡುವುದಿಲ್ಲ. ನೋಟಕ್ಕೆಂದು 17 ಇಂಚಿನ ಭಾರದ ರಿಮ್ಮು ಹಾಕಿಸುವವರು ಕಾರಿನ ಹಗುರತನವನ್ನು ಅದರ ಪಾದದಲ್ಲೇ ಕಳೆಯುತ್ತಾರೆ. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದಷ್ಟೂ ಚಕ್ರ ಉಬ್ಬುತಗ್ಗನ್ನು ಅನುಸರಿಸುವುದು ನಿಧಾನವಾಗುತ್ತದೆ.

ಬ್ರೇಕಿನ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದೊಡ್ಡ ಡಿಸ್ಕು ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂದುಕೊಳ್ಳುತ್ತಾರೆ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು. ಒಂದು ಸಲ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗುವಷ್ಟು ಶಕ್ತಿ ಹಳೆಯ ಬ್ರೇಕಿನಲ್ಲೂ ಇದೆ. ಸೋಲುವುದು ಮತ್ತೆ ಮತ್ತೆ ಒತ್ತಿದಾಗ, ಬಿಸಿಯಿಂದ. ವೇಗ ಎರಡರಷ್ಟಾದರೆ ಬ್ರೇಕು ಕರಗಿಸಬೇಕಾದ ಶಕ್ತಿ ನಾಲ್ಕರಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ. ಹೊಸ ಆಯಿಲ್, ಒಳ್ಳೆಯ ಪ್ಯಾಡು, ಹೊಸ ಹೋಸು: ರಸ್ತೆಯಲ್ಲಿ ಓಡಿಸುವವರಿಗೆ ಇಷ್ಟು ಸಾಕು.

ಶಾಕ್ ಅಬ್ಸಾರ್ಬರಿಗೆ ಹಣ ಸುರಿಯುವುದರಲ್ಲಿ ನನ್ನ ತಕರಾರಿಲ್ಲ. ಸ್ಪ್ರಿಂಗು ತಗ್ಗಿಸಿ ಕಾರನ್ನು ನೆಲಕ್ಕೆ ಅಂಟಿಸುವುದಕ್ಕೆ ತಕರಾರಿದೆ. ಮೊದಲ ಮಿಯಾಟಾದಲ್ಲಿ ಸಸ್ಪೆನ್ಷನ್ ಕುಗ್ಗಲು ಇರುವ ಜಾಗವೇ ಕಡಿಮೆ. ತಗ್ಗಿಸಿದರೆ ಸಣ್ಣ ಗುಂಡಿಗೂ ಅದು ರಬ್ಬರ್ ತಡೆಗೆ ಬಡಿಯುತ್ತದೆ, ತಿರುವಿನ ನಡುವೆ ಹಾಗಾದರೆ ಹಿಡಿತ ತಪ್ಪುತ್ತದೆ. ಅದರ ಬದಲು ವೀಲ್ ಅಲೈನ್‌ಮೆಂಟ್ ಮಾಡಿಸಿ. ಈ ಕಾರಿನಲ್ಲಿ ಹಿಂದಿನ ಚಕ್ರದ ಕ್ಯಾಂಬರನ್ನೂ, ಎಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನವನ್ನೂ, ಹೊಂದಿಸಬಹುದು. ಇಷ್ಟು ಕಡಿಮೆ ಖರ್ಚಿಗೆ ಸ್ಟೀರಿಂಗಿನಲ್ಲಿ ಇಷ್ಟು ಬದಲಾವಣೆ ತರುವ ಕೆಲಸ ಬೇರೊಂದಿಲ್ಲ.

ಎಂಜಿನ್ನಿನ ಮಾತು ಬೇಗ ಮುಗಿಯುತ್ತದೆ. ಬಾನೆಟ್ಟಿನೊಳಗೆ ತೆರೆದಿಟ್ಟ ಏರ್ ಫಿಲ್ಟರ್ ಜೋರಾಗಿ ಸದ್ದು ಮಾಡುತ್ತದೆ. ಆದರೆ ಎಂಜಿನ್ನಿನ ಸುತ್ತಲಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಸೈಲೆನ್ಸರ್ ಬದಲಿಸಿದರೆ ದನಿ ಬದಲಾಗುತ್ತದೆ, ಬಲ ಹೆಚ್ಚುವುದು ಅತ್ಯಲ್ಪ. ನಿಜವಾಗಿ ಬಲ ಕೊಡುವುದು ಟರ್ಬೊ ಅಥವಾ ಸೂಪರ್‌ಚಾರ್ಜರ್. ಅದರ ಬೆನ್ನಿಗೆ ಕ್ಲಚ್ಚು, ರೇಡಿಯೇಟರು, ಇಂಧನ ವ್ಯವಸ್ಥೆ ಎಲ್ಲಕ್ಕೂ ಖರ್ಚು ಬರುತ್ತದೆ. ಕಾನೂನೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಭಾಗಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಕಾರು ನಪಾಸು. ನಮ್ಮಲ್ಲಿ ಹಳೆಯ ಕಾರಿಗೆ ಕೈಹಾಕುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಖಾಲಿ ಪಾರ್ಕಿಂಗ್ ಬಯಲುಗಳಲ್ಲಿ ಕೋನ್‌ಗಳನ್ನಿಟ್ಟು ಆಟೊಕ್ರಾಸ್ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಸ್ಟಾಕ್ ಕಾರುಗಳಿಗೇ ಮೀಸಲಾದ ‘ಸ್ಟ್ರೀಟ್’ ವಿಭಾಗವಿದೆ. ಅಲ್ಲಿ ಮುಖ್ಯವಾಗಿ ಬದಲಿಸಲು ಬಿಡುವುದು ಟೈರು, ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರು, ಒಂದು ಆಂಟಿ-ರೋಲ್ ಬಾರು, ಹಿಂಭಾಗದ ಸೈಲೆನ್ಸರು. ಟರ್ಬೊ ಇಲ್ಲದ ಕಾರಿಗೆ ಟರ್ಬೊ ಸೇರಿಸಿದರೆ ಆ ವಿಭಾಗದಲ್ಲಿ ಜಾಗವಿಲ್ಲ. ಅಮೆರಿಕದಲ್ಲಿದ್ದು ಇಂಥ ಕಾರು ಕೊಂಡಿರುವ ನಮ್ಮ ಹುಡುಗ ಹುಡುಗಿಯರು ಈ ಪಟ್ಟಿಯನ್ನೇ ಮೊದಲ ವರ್ಷದ ಪಟ್ಟಿಯಾಗಿ ಇಟ್ಟುಕೊಳ್ಳಲಿ. ಹೊಸ ಟೈರು ಹಾಕಿಸಿಕೊಂಡು, ಪಕ್ಕದ ಸೀಟಿನಲ್ಲಿ ತರಬೇತುದಾರರನ್ನು ಕೂರಿಸಿಕೊಂಡು ಒಂದು ಇಡೀ ಸೀಸನ್ ಓಡಿಸಲಿ. ಆಮೇಲೂ 116 ಹಾರ್ಸ್‌ಪವರ್ ಸಾಲದೆನಿಸಿದರೆ ಟರ್ಬೊ ಬಗ್ಗೆ ಯೋಚಿಸಬಹುದು.